ಕೈಗಡ

ಅಯೋಕೊ ಮೀನಿಗೆ ಹೊಗೆ ಹಾಕುವವಳು.
ಅವಳ ಒಲೆಯಿಂದ ಕಡಲಿಗೆ
ನೂರಾ ಹದಿನಾಲ್ಕು ಹೆಜ್ಜೆ.
ತಂಗಿ ಅಫಿವಾಳ ಒಲೆ
ಹೋದ ಜುಲೈ ಅಮಾವಾಸ್ಯೆಯ ಉಬ್ಬರಕ್ಕೆ
ಉರಿಯುತ್ತಿದ್ದ ಹಾಗೇ ನೀರಿಗಿಳಿಯಿತು.
ಚುಂಯ್ ಅಂದಿತಂತೆ. ಅಷ್ಟೆ.

ಇಬ್ಬರ ನಡುವೆ ಎಂಟು ಮೈಲಿ,
ಅಡ್ಡ ಕಟ್ಟಿದ ಒಂದು ಹಗ್ಗ,
ನಿದ್ದೆಗಣ್ಣಿನ ಪೊಲೀಸರಿಬ್ಬರು.
ಈಚೆ ಟೋಗೊ, ಆಚೆ ಬೆನಿನ್.
ಹೊಳೆ ನೀರಿಗೇ ದೊಣ್ಣೆನಾಯಕನ ಅಪ್ಪಣೆ ಬೇಡ,
ಇನ್ನು ಮರಳಿಗೆ?
ಪಡುವಣದಿಂದ ಮೂಡಣಕ್ಕೆ
ಅಜ್ಜಿಯ ಕಾಲದಿಂದ ನಡೆದೇ ಇತ್ತು ಅದು,
ತೀರ ಹಿಡಿದುಕೊಂಡು, ಸದ್ದಿಲ್ಲದೆ.

ಹತ್ತು ವರ್ಷದ ಹಿಂದೆ ಅಕ್ಕನ ಊರು
ರಸ್ತೆ ತಡೆದು, ಮಂತ್ರಿಯ ಕಾರಿಗೆ ಅಡ್ಡ ಮಲಗಿ
ಏಳು ಕಲ್ಲಿನ ತೋಳು ಹಾಕಿಸಿಕೊಂಡಿತು ಕಡಲಿಗೆ.
ಮೊದಲ ಕಲ್ಲಿಗೆ ಜಿನ್ ಎರೆದವಳು ಅಯೋಕೊ.
ತೋಳು ಬಾಚಿತು, ಮರಳು ನಿಂತಿತು,
ಹುಡುಗರಿಗೆ ಫುಟ್‌ಬಾಲ್ ಬಯಲಾಯಿತು.
ಆಚೆ ಊರಿಗೆ
ಹೋಗಬೇಕಾದ ಮರಳು ಹೋಗಲೇ ಇಲ್ಲ,
ಮರಳುವ ಮಾತೆಲ್ಲಿ.

ಅಕ್ಕ, ನಿನ್ನ ಕಲ್ಲು ನನ್ನ ತೆಂಗು ನುಂಗಿತು
ಅಂತ ತಂಗಿ ಒಂದು ದಿನವೂ ಅನ್ನಲಿಲ್ಲ.
ಎರಡು ವರ್ಷ ಫೋನೇ ಮಾಡಲಿಲ್ಲ.

ಸಭೆ ಶಾಲೆಯ ಶೆಡ್ಡಿನಲ್ಲಿ.
ಎರಡು ಸರಕಾರ, ಎರಡು ಪ್ರೊಜೆಕ್ಟರು, ಒಂದೇ ಪ್ಲಗ್ಗು.
ಟೋಗೊದ ನಕ್ಷೆ ಗಡಿಯಲ್ಲಿ ಮುಗಿದು
ಆಮೇಲೆಲ್ಲ ಬಿಳಿ.
ಬೆನಿನ್ನಿನದು ಆ ಬಿಳಿಯಲ್ಲಿ ಶುರು.
ಸರ್ವೆಯ ಹುಡುಗ ಸೆಮೆವೊ ಊಟದ ಬಿಡುವಿನಲ್ಲಿ
ಮರಗೆಣಸಿನ ಹಿಟ್ಟು ಕಾಸಿ, ಅಂಟು ಮಾಡಿ
ಎರಡನ್ನೂ ಬೆಂಚಿನ ಮೇಲೆ ಕೂಡಿಸಿದ.
ಕಾಲು ಸೆಂಟಿಮೀಟರು ಹೊಂದಲಿಲ್ಲ.
"ಅಲ್ಲೇ ಇತ್ತು ನನ್ನ ಮನೆ" ಅಂದಳು ಅಫಿವಾ.
ಯಾರೂ ನಗಲಿಲ್ಲ. ಅವಳೊಬ್ಬಳೇ ನಕ್ಕಳು.

ಮೂರು ದಿನ ಮಾತು.
ಮೇಲಿನ ಅಣೆಕಟ್ಟಿನ ಬಾಗಿಲೆತ್ತುವ ಮೊದಲು
ಯಾರು ಯಾರಿಗೆ ಫೋನು ಮಾಡಬೇಕು,
ರಾತ್ರಿಯಾದರೆ, ಭಾನುವಾರವಾದರೆ,
ಕರೆನ್ಸಿ ಮುಗಿದಿದ್ದರೆ.
ಪ್ರವಾಹದ ಸುದ್ದಿ ಫ್ರೆಂಚಿನಲ್ಲೋ ಮಿನಾದಲ್ಲೋ?
"ನೀರು ಶಾಲೆಗೆ ಹೋಗಿದ್ದರೆ ಫ್ರೆಂಚಿನಲ್ಲಿ"
ಅಂದ ದೋಣಿಯ ಮುದುಕ, ಬೀಡಿ ಆರಿಸದೆ.
ಎಂಟನೆಯ ತೋಳಿಗೆ ಆಚೆಯವರ ಸಹಿ ಬೇಕು, ಸರಿ.
ಕೊನೆಗೆ, ದನಿ ತಗ್ಗಿಸಿ:
ನಿಂತ ಮರಳಲ್ಲಿ ಅರ್ಧ ಆಚೆಗೆ ಕೊಡಬೇಕು.

ಊರಿಗೆ ಊರೇ ಎದ್ದು ನಿಂತಿತು.
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!
ನಾವು ಮಲಗಿದ್ದು ಕಾರಿನಡಿ, ಅವರಲ್ಲ!
ಅಯೋಕೊ ಕೂತೇ ಇದ್ದಳು,
ಉಗುರ ಸಂದಿನ ಮೀನಿನ ಹುರುಪೆ ಕೆರೆಯುತ್ತ.
"ಕೊಡುವುದಲ್ಲ ಇದು," ಅಂದಳು,
"ಕೈಗಡ ತೀರಿಸುವುದು. ಹತ್ತು ವರ್ಷದ್ದು.
ಬಡ್ಡಿ ಕೇಳುತ್ತಿಲ್ಲ ಅವರು,
ನೆನಪಿಸಬೇಡಿ."

ಜನವರಿಯಲ್ಲಿ ಹಡಗು ಬಂತು, ಉದ್ದ ಕೊಳವೆ ಎಳೆದುಕೊಂಡು.
ಗೋಲುಕಂಬ ಐವತ್ತು ಹೆಜ್ಜೆ ಹಿಂದೆ ಸರಿಯಿತು.
ಹುಡುಗರು ಬೈದರು, ಆಮೇಲೆ
ಬಯಲು ಚಿಕ್ಕದಾದಷ್ಟೂ ಗೋಲು ಜಾಸ್ತಿ ಎಂದು ಕಂಡುಕೊಂಡರು.

ಎಷ್ಟು ದಿನ ನಿಲ್ಲುತ್ತದೋ. ಸೆಮೆವೊ ಐದು ವರ್ಷ ಅನ್ನುತ್ತಾನೆ,
ಒತ್ತಿ ಕೇಳಿದರೆ ನಾಲ್ಕು.
ಅಷ್ಟರಲ್ಲಿ ಮತ್ತೆ ಕೂರಬೇಕು ಅದೇ ಶೆಡ್ಡಿನಲ್ಲಿ,
ಈ ಸಲವಾದರೂ ಎರಡು ಪ್ಲಗ್ಗು ಇರಲಿ.

ಅಫಿವಾ ಹೊಸ ತೀರದಲ್ಲಿ ಬರಿಗಾಲಲ್ಲಿ ನಡೆದಳು.
ಬಣ್ಣ ಬೇರೆ, ಕೊಂಚ ಕಂದು.
ಕಾಲಿಗೆ ತಗುಲಿದ್ದು ಹಸಿರು ಚಪ್ಪಲಿ,
ಮಗುವಿನದು, ಎಡಗಾಲಿನದು.
ತೊಳೆದಳು. ಫೋನು ತೆಗೆದಳು.

"ಅಕ್ಕ, ನಿಮ್ಮೂರಲ್ಲಿ ಯಾವ ಮಗು
ಒಂದೇ ಚಪ್ಪಲಿಯಲ್ಲಿ ತಿರುಗುತ್ತಿದೆ?"
"ಆ ಮಗುವಿಗೆ ಈಗ ಮೀಸೆ ಬಂದಿದೆ ಕಣೇ."
ಸ್ವಲ್ಪ ಹೊತ್ತು ಎರಡೂ ಕಡೆ ಬರೀ ಗಾಳಿ.
"ನಿನ್ನ ಒಲೆಯಿಂದ ಎಷ್ಟು ಹೆಜ್ಜೆ ಈಗ?"
"ಅರವತ್ತನಾಲ್ಕು. ನಿನ್ನದು?"
"ಎಲ್ಲಿಂದ ಎಣಿಸಲಿ? ಒಲೆ ಎಲ್ಲಿ ಹೂಡಲಿ,
ಅದು ಹೇಳು ಮೊದಲು."