ತಪಾಸಣೆಗೆ ಮುಂಚೆ ಒಂದು ಮೇಜು

ನಕ್ಷೆಯ ಮೇಲೆ ಮೂವತ್ತಾರು ಬೂದು ಮನುಷ್ಯರು.
ಯಾರಿಗೂ ಮುಖವಿಲ್ಲ. ಎಲ್ಲರೂ ನಿಂತೇ ಇದ್ದಾರೆ,
ಕೈಯಲ್ಲಿ ಗಾಲಿಪೆಟ್ಟಿಗೆ, ಇಲ್ಲವೇ ಕಾಫಿ ಲೋಟ.
ಅಳತೆಗೆಂದು ಇಟ್ಟವರು, ಒಂದು ಗುಂಡಿ ಒತ್ತಿದರೆ ಹುಟ್ಟಿ
ಇನ್ನೊಂದು ಒತ್ತಿದರೆ ಅಳಿಯುವವರು.
ಯಾರೂ ಕೆಮ್ಮುವುದಿಲ್ಲ.
ಆರು ವರ್ಷ ಇವರಿಗೇ ಕುರ್ಚಿ ಹಾಕಿದ್ದೇನೆ,
ಊರು ಬೇರೆ ಬೇರೆ, ಕುರ್ಚಿ ಅದೇ.

ಸೋಗಾನೆಗೆ ಬಂದದ್ದು ಡಿಸೆಂಬರಿನಲ್ಲಿ.
ಮಂಜು. ರನ್‌ವೇ ಎಲ್ಲಿದೆಯೆಂದು
ವಿಮಾನಕ್ಕಿರಲಿ, ನಮಗೇ ಕಾಣುತ್ತಿರಲಿಲ್ಲ.
ಎಂಟು ಗಂಟೆಯದು ಮೇಲೇ ಎರಡು ಸುತ್ತು ಹಾಕಿ ವಾಪಸಾಯಿತು.
ಸದ್ದಷ್ಟೇ ಕೇಳಿದ್ದು,
ಅಟ್ಟದ ಮೇಲೆ ಯಾರೋ ಒನಕೆ ಉರುಳಿಸಿದ ಹಾಗೆ.

ಟೇಪು ಹಿಡಿದು ಕೂತೆ.
ಕಾಯುವವರನ್ನು ಕಾಯುವುದೇ ನನ್ನ ಕೆಲಸ.

ಲೌಂಜಿನ ಹದಿನಾಲ್ಕು ಸೋಫಾಗಳೂ ಖಾಲಿ.
ಕಾರ್ಡಿದ್ದವರು ಯಾರೂ ಅವತ್ತು ಮಂಜಿಗೆ ಸಿಕ್ಕಿರಲಿಲ್ಲ.
ತಿಂಡಿ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಮುಕ್ಕೋಣದೊಳಗೆ ಸ್ಯಾಂಡ್‌ವಿಚ್ಚು;
ಜನ ಹತ್ತಿರ ಹೋಗಿ, ಬೆಲೆ ಓದಿ,
ಉಗುಳು ನುಂಗಿ ತಿರುಗಿ ಬರುತ್ತಿದ್ದರು.

ಶಿರಾಳಕೊಪ್ಪದ ಭರ್ಮಮ್ಮ ತಿರುಪತಿಗೆ ಹೊರಟವಳು.
ಸ್ಟೀಲು ಕುರ್ಚಿ ಮುಟ್ಟಿ, "ಕೊರೀತೈತಿ, ಮಂಡಿ ಹಿಡ್ಕೋತಾವ" ಅಂದಳು.
ಚಕ್ಕಳಮಕ್ಕಳ ಹಾಕೋಣವೆಂದರೆ ಕುರ್ಚಿಯ ತೋಳು ಅಡ್ಡ.
ಯಾರೂ ಮೈ ಚಾಚಬಾರದೆಂದು ಇಟ್ಟ ತೋಳು ಅದು.
ಬೇರೆಡೆ ನಾನೂ ಇಟ್ಟಿದ್ದೇನೆ.
ನಮ್ಮ ಕಸುಬಿನಲ್ಲಿ ಅದಕ್ಕೊಂದು ಮರ್ಯಾದಸ್ಥ ಹೆಸರೂ ಉಂಟು.

ಆಗ ಬೆಲ್ಟಿನ ಹತ್ತಿರ ಮಾತು ಏರಿತು.
ರಿಪ್ಪನ್‌ಪೇಟೆಯ ಜಲಜಾಕ್ಷಿಯ ಕೈಲಿ ಅಪ್ಪೆಮಿಡಿಯ ಭರಣಿ.
ಚೆನ್ನೈಯಲ್ಲಿ ತಂಗಿಗೆ ಏಳು ತಿಂಗಳು, ಹುಳಿ ಬೇಕಂತೆ.
ದೊಡ್ಡ ಚೀಲ ಆಗಲೇ ಒಳಗೆ ಹೋಗಿತ್ತು.
"ರಸ ಇದೆಯಲ್ಲ ಅಕ್ಕ, ಬಿಡೋ ಹಾಗಿಲ್ಲ.
ನಂದೂ ಕೋಣಂದೂರು. ಮೂಸಿದ್ರೆ ಗೊತ್ತಾಗುತ್ತೆ
ಯಾವ ಹೊಳೆ ದಂಡೆಯ ಮಿಡಿ ಅಂತ. ಆದ್ರೂ ಇಲ್ಲ"
ಅಂದಳು ಮಂಗಳಗೌರಿ, ಖಾಕಿ ತೋಳು ಮಡಿಸುತ್ತ,
ಪಕ್ಕದ ನೀಲಿ ಡಬ್ಬ ತೋರಿಸಿ.

ಬಗ್ಗಿ ನೋಡಿದೆ.
ಜೇನು, ಜೋನಿಬೆಲ್ಲ, ಪುನರ್ಪುಳಿ ರಸ,
ಯಾರದೋ ಮಂಡಿನೋವಿನ ಎಣ್ಣೆ.
ಆ ಇಡೀ ಗಾಜಿನ ಕಟ್ಟಡದಲ್ಲಿ
ಊರಿನ ವಾಸನೆ ಇದ್ದದ್ದು ಅಲ್ಲೊಂದೇ ಕಡೆ.

ಜಲಜಾಕ್ಷಿ ಎಸೆಯಲಿಲ್ಲ.
ಭರಣಿ ತಬ್ಬಿಕೊಂಡು ಹಿಂದೆ ಬಂದಳು,
ಇಡಲು ಜಾಗ ಹುಡುಕಿದಳು, ಇರಲಿಲ್ಲ,
ಖಾಲಿ ಟ್ರಾಲಿಯ ಮೇಲಿಟ್ಟು ಮುಚ್ಚಳ ತೆಗೆದಳು.

ಮಾತಿಲ್ಲದೆ ಭರ್ಮಮ್ಮ ಬುತ್ತಿ ಬಿಚ್ಚಿದಳು.
ರೊಟ್ಟಿ ಮುರಿಯಿತು. ಔಷಧಿ ಕಂಪನಿಯ ಟೈ ಕಟ್ಟಿದ ಹುಡುಗ,
ಕಸ ಗುಡಿಸುವ ಫಾತಿಮಾಬಿ, ಕೊನೆಗೆ ನಾನು.
ಟ್ರಾಲಿಯ ಸುತ್ತ ಏಳೆಂಟು ಕೈ.
ಮಂಜು ಕರಗಿದ್ದು ಯಾರೂ ನೋಡಲಿಲ್ಲ.

ನಾಲ್ಕು ಮಿಡಿ ಮಾತ್ರ ಎತ್ತಿಟ್ಟು
ಒರೆಸಿ, ಮತ್ತೆ ಒರೆಸಿ, ಕಾಗದದಲ್ಲಿ ಸುತ್ತಿ
ಜಲಜಾಕ್ಷಿ ಮತ್ತೆ ಸಾಲಿನಲ್ಲಿ ನಿಂತಳು.
ಪರದೆಯ ಮೇಲೆ ನಾಲ್ಕು ಪುಟ್ಟ ನೆರಳು.
ಮಂಗಳಗೌರಿ ಬಹಳ ಹೊತ್ತು ನೋಡಿದಳು.
ಬೆಲ್ಟು ಮುಂದಕ್ಕೆ ಹೋಯಿತು.

ಅವತ್ತು ರಾತ್ರಿ ಬರೆದೆ: ತಪಾಸಣೆಗೆ ಮುಂಚೆ ಒಂದು ಮೇಜು,
ಹನ್ನೆರಡಡಿ ಉದ್ದ, ಹಲಸಿನ ಒಂದೇ ಹಲಗೆ,
ಪಕ್ಕದಲ್ಲಿ ನಲ್ಲಿ, ತೋಳಿಲ್ಲದ ಅಗಲ ಬೆಂಚು.
ಮೇಲಿನ ಕಚೇರಿ ಕೇಳಿತು: ಇದರ ಹೆಸರೇನು, ವರಮಾನವೆಷ್ಟು?
ಬಿಟ್ಟು ಹೋಗಬೇಕಾದ್ದನ್ನು ತಿಂದು ಹೋಗುವ ಜಾಗ, ಅಂದೆ.
ವರಮಾನದ ಖಾನೆಯಲ್ಲಿ ಒಂದು ಗೀಟು ಎಳೆದೆ.

ಹನ್ನೆರಡಡಿ ಐದಾಯಿತು. ಬೆಂಚು ಹಾರಿಹೋಯಿತು.
ನಲ್ಲಿ ಉಳಿಯಿತು, ಯಾಕೋ.

ಮೊನ್ನೆ ಹೋಗಿದ್ದೆ. ಹಲಗೆ ಹೆರೆದ ಸಾಗರದ ಲೂಯಿಸಣ್ಣನೂ ಬಂದಿದ್ದ.
ಮೇಜಿನ ನಡುವೆ ಕೆಂಪು ಕಲೆ.
ಹೆಬ್ಬೆರಳಲ್ಲಿ ಉಜ್ಜಿ ನೋಡಿದ, "ಹೋಗಲ್ಲ ಮೇಡಂ,
ಮರ ಉಪ್ಪು ಕುಡಿದಿದೆ."
ಟೇಪು ತೆಗೆದು ಅಳೆದೆ. ಮೂರು ಅಂಗುಲ.
ನಕ್ಷೆಯಲ್ಲಿ ಹಾಕಿಲ್ಲ.