ಹೊತ್ತು ಗೊತ್ತು

ಅತ್‌ಬಾಶಿಯ ಹೆರಿಗೆ ಆಸ್ಪತ್ರೆ. ಮೆಟ್ಟಿಲ ಕೆಳಗೊಂದು ಕಪಾಟು.
ಪೊರಕೆ, ಬಕೆಟ್ಟು, ಮುರಿದ ತೊಟ್ಟಿಲಿನ ಎರಡು ಕಾಲು,
ಇವುಗಳ ನಡುವೆ ಅಂಗೈಯಗಲದ ಬಿಳಿ ಡಬ್ಬಿ.
ಇಡೀ ಕಟ್ಟಡದ ವೈಫೈಗೆ ಇದೇ ಯಜಮಾನ
ಎಂದು ಕಾಗದದಲ್ಲಿ ಬರೆದಿದೆ.
ಯಜಮಾನರಿಗೆ ಮೂರು ದಿನದಿಂದ ಮೈ ಸರಿಯಿಲ್ಲ.

ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ನರಿನ್‌ನಿಂದ ಬರುವಾಗ ಕಣಿವೆಯಲ್ಲಿ
ಕುದುರೆಗಳ ರೆಪ್ಪೆಯ ಮೇಲೂ ಹಿಮ ಕೂತಿತ್ತು.
ಜೇಬಿನಲ್ಲಿದ್ದ ಫೋನು ದಾರಿಯಲ್ಲೇ ಕಣ್ಣು ಮುಚ್ಚಿತು.

ಮೊದಲು ಕರೆಂಟು. ಯಾವಾಗಲೂ ಮೊದಲು ಕರೆಂಟು.
ದೀಪ ಹತ್ತುತ್ತದೆ, ನಾಲ್ಕೆಣಿಸುವಷ್ಟರಲ್ಲಿ ಆರುತ್ತದೆ,
ಮತ್ತೆ ಹತ್ತುತ್ತದೆ,
ತೂಕಡಿಸಿ ಸಿಕ್ಕಿಬಿದ್ದ ಕಾವಲುಗಾರನಂತೆ ಬೆಚ್ಚಿ
ಇಲ್ಲ ಇಲ್ಲ, ನಿದ್ದೆ ಮಾಡಿಲ್ಲ ಅನ್ನುತ್ತದೆ.
ಕೇಬಲ್ಲು ಬದಲಿಸಿದೆ. ಅಡಾಪ್ಟರು ಬದಲಿಸಿದೆ.
ಸ್ವಿಚ್ಚಿನ ಐದನೇ ಬಾಯಿಂದ ಕಿತ್ತು ಎರಡನೆಯದಕ್ಕೆ ಚುಚ್ಚಿದೆ.
ಊಹೂಂ.
ಗೋಡೆಯ ಪ್ಲಗ್ಗಿಗೇ ಮೀಟರು ಹಿಡಿದರೆ
ಇನ್ನೂರಿಪ್ಪತ್ತು ಇರಬೇಕಾದಲ್ಲಿ ನೂರ ಅರವತ್ತೆಂಟು,
ಒಮ್ಮೊಮ್ಮೆ ಅದೂ ಕುಸಿದು ನೂರ ನಲವತ್ತು.

ಗೋಡೆಯಾಚೆ ಏನಿದೆ?
ಏನೂ ಇಲ್ಲ ಅಂದರು ರಾತ್ರಿ ಪಾಳಿಯ ಬುರ್ಮಾಕಾನ್ ಎಜೆ.
ಹೋಗಿ ನೋಡಿದೆ.
ಕೆಂಡದಂತೆ ಕಾದ ಹೀಟರು. ಅದರ ಮುಂದೆ
ಹುಟ್ಟಿ ಆರು ಗಂಟೆಯಾದ ಕೂಸು,
ಹೆಸರಿನ್ನೂ ಇಲ್ಲ, ತೂಕ ಎರಡು ಕಿಲೋ ನೂರು.
ಇದನ್ನು ಆರಿಸಿ ಅಂತ ಯಾವ ಬಾಯಲ್ಲಿ ಹೇಳಲಿ?
ಡಬ್ಬಿಯನ್ನೇ ಕಿತ್ತುಕೊಂಡು ಬಾಯ್ಲರ್ ಕೋಣೆಗೆ ನಡೆದೆ.
ಕಲ್ಲಿದ್ದಲು ಸುರಿಯುವ ತೊಕ್ತೊಮುಶ್
ತನ್ನ ರೇಡಿಯೊದ ಹಿಂದಿನಿಂದ ಸ್ಟೆಬಿಲೈಸರು ಬಿಚ್ಚಿ ಕೊಟ್ಟ,
ಹಾಡು ನಾಳೆಯೂ ಇರುತ್ತದೆ, ಹಿಡಿ, ಅಂದ.
ದೀಪ ನಿಂತಿತು. ಬಿಳಿ. ಅಲುಗದ ಬಿಳಿ.

ಆದರೆ ನೀಲಿಯಾಗಬೇಕು.
ಬಿಳಿ ಎಂದರೆ ಬದುಕಿದ್ದೇನೆ ಎಂದಷ್ಟೇ,
ನೀಲಿ ಎಂದರೆ ಮೇಲಿನವರು ನನ್ನನ್ನು ಬಲ್ಲರು.
ಕ್ಲೌಡಿಗೆ ತಾಕುತ್ತಿಲ್ಲ ಎಂದೆ.
ಎಜೆ ಕಿಟಕಿಯ ಹಿಮ ಕೆರೆದು ಹೊರಗೆ ನೋಡಿ
ಚುಕ್ಕಿಗಳಷ್ಟೇ, ಮೋಡ ಎಲ್ಲಿದೆ ಮಗನೇ ಅಂದರು. ತಮಾಷೆಗೋ ಏನೋ.

ದಾರಿ ತೆರೆದಿದೆ, ವಿಳಾಸ ಸಿಗುತ್ತಿದೆ,
ಬಾಗಿಲಿಗೆ ಹೋದರೆ ಮಾತ್ರ ಗುರುತು ಒಪ್ಪುತ್ತಿಲ್ಲ.
ಲಾಗಿನ ಬಾವಿಗೆ ಇಳಿದೆ. ಸಾಲುಸಾಲಿಗೂ ಒಂದೇ ತಾರೀಕು:
ಐದು ವರ್ಷ ಹಿಂದಿನ ಮಾರ್ಚಿ, ಕಾರ್ಖಾನೆ ಬಿಟ್ಟ ದಿನ.
ಕರೆಂಟು ಹೋಗಿ ಬಂದಾಗಲೆಲ್ಲ ಡಬ್ಬಿ
ಅದೇ ಬೆಳಗಿಗೆ ಎದ್ದು, ಮುಖ ತೊಳೆದು,
ಮೇಲಿನವರ ಪತ್ರ ಬಿಡಿಸಿ ನೋಡಿ
ಇದಿನ್ನೂ ಬರೆದೇ ಇಲ್ಲವಲ್ಲ ಎಂದು ಮಡಿಸಿಡುತ್ತಿದೆ.
ಹೊತ್ತಿಲ್ಲ, ಅದಕ್ಕೇ ಗೊತ್ತಿಲ್ಲ.

ಹೊತ್ತು ಕೇಳಿ ತಿಳಿಯುವ ಕಿಂಡಿಯನ್ನು ಯಾರೋ ಮುಚ್ಚಿದ್ದಾರೆ,
ಅದರ ಪಾಸ್‌ವರ್ಡು ಬಿಷ್ಕೆಕ್‌ನಲ್ಲಿ ರಜೆಯ ಮೇಲಿದೆ.
ಕೈಯಲ್ಲೇ ತುಂಬಬೇಕು.
ನನ್ನ ಲ್ಯಾಪ್‌ಟಾಪಿಗೂ ಅದೇ ಕಾಯಿಲೆ,
ಅದರ ಗಡಿಯಾರ ಸತ್ತು ಎರಡು ಚಳಿಗಾಲವಾಯಿತು.
ಎಜೆ, ಗಂಟೆ ಎಷ್ಟು?
ಮಣಿಕಟ್ಟು ತಿರುಗಿಸಿ ಹನ್ನೊಂದು ಇಪ್ಪತ್ತು ಅಂದರು. ತುಂಬಿದೆ.
ಪತ್ರ ಒಪ್ಪಿತು. ಬಾಗಿಲು ಒಂದಿಂಚು ಸರಿದು ಕೇಳಿತು:
ಮೂರು ಗಂಟೆ ಹಿಂದೆ ನಿಂತಿದ್ದೀಯಲ್ಲ, ಯಾಕೆ?

ಎಜೆ ತೋಳು ಕೆಳಗೆಳೆದುಕೊಂಡರು.
ಇದು ಮಾಸ್ಕೋದ ಹೊತ್ತು.
ಅಲ್ಲಿ ನಮ್ಮವರು ಟ್ಯಾಕ್ಸಿ ಓಡಿಸುತ್ತಾರೆ.
ಉಂಡರೋ, ಮಲಗಿದರೋ ಅಂತ ದಿನಾ ಕಳೆದು ಕೂಡಿ ನೋಡುವುದು ಬೇಜಾರು,
ಮುಳ್ಳನ್ನೇ ಅಲ್ಲಿಗೆ ತಿರುಗಿಸಿಬಿಟ್ಟೆ.
ಇಲ್ಲಿಯ ಹೊತ್ತು ಹೇಳಲು ಕೂಸುಗಳಿವೆಯಲ್ಲ.
ನೀನು ಒಂದು ಹಾಲೂಟ ಕೂಡಿಸಿಕೋ.

ಕೂಡಿಸಿದೆ.

ನೀಲಿ ಬಂದದ್ದನ್ನು ನೋಡಿದವನು ನಾನೊಬ್ಬನೇ.
ಎಜೆಯ ಏಪ್ರನ್ ಜೇಬಿನಲ್ಲಿ ಮೂರು ದಿನದ ಮಾತು
ಒಂದರ ಹಿಂದೊಂದು ಗುಂಯ್‌ಗುಟ್ಟಿತು.
ಅವರು ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದರು,
ಗೋಡೆಯಾಚೆಯ ಅಳುವಿನ ಕಡೆಗೆ.

ವರದಿಯಲ್ಲಿ ಬರೆದೆ: ವೋಲ್ಟೇಜು ಕಡಿಮೆ. ಗಡಿಯಾರ ತಪ್ಪು, ಸರಿಪಡಿಸಿದೆ.
ಯಾವುದು ಎಂದು ಬರೆಯಲಿಲ್ಲ.
ಬಾಕಿ: ತೊಕ್ತೊಮುಶ್‌ನ ರೇಡಿಯೊ.