ನಲ್ಲಿ ತಿರುಗಿಸಿ ಹೇಳಿದ ಸುಳ್ಳುಗಳು

ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರೆ.
ಪುಂತಾ ಅರೆನಾಸಿನ ನಮ್ಮ ತಗಡಿನ ಮನೆಯಲ್ಲಿ
ಗೋಡೆಗೆ ಆ ಕೆಲಸವಿರಲಿಲ್ಲ,
ಎಫ್ರಾಯಿನ್ ಇದ್ದ.

ಹುಟ್ಟಿನಿಂದ ಕಣ್ಣಿಲ್ಲ. ಊರಿನ ಪಿಯಾನೋಗಳಿಗೆಲ್ಲ
ಮೂವತ್ತೆಂಟು ವರ್ಷದಿಂದ ಶ್ರುತಿ ಹಿಡಿಯುವವನು.
ಮೆಟ್ಟಿಲ ಮೇಲಿನ ನನ್ನ ಹೆಜ್ಜೆ ಕೇಳಿ
ಚೀಲದಲ್ಲಿ ಆಲೂಗೆಡ್ಡೆ ಎಷ್ಟು ಕಿಲೋ ಎಂದು ಹೇಳುವವನು.
ಇಂಥವನಿಗೆ ಅರವತ್ತು ತುಂಬುವ ದಿನ
ಹೇಳದೆ ಕೇಳದೆ ಜನ ಕೂಡಿಸಿ
ಬೆಚ್ಚಿಬೀಳಿಸುತ್ತೇನೆಂದು ಹೊರಟವಳು ನಾನು.

ಕಣ್ಣಿದ್ದವರಿಂದ ಬಚ್ಚಿಡುವುದು ಸುಲಭ:
ಮಂಚದಡಿ ತಳ್ಳು, ಬಟ್ಟೆ ಮುಚ್ಚು.
ವಾಸನೆಯನ್ನು ಯಾವ ಮಂಚದಡಿ ತಳ್ಳಲಿ?

ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.
"ಎಲ್ಲಿಗೆ ಹೋಗಿದ್ದೆ?"
"ಅಂಚೆ ಕಚೇರಿಗೆ."
"ನಿನ್ನ ದನಿ ಕಾಲು ಸ್ವರ ಮೇಲಿದೆ, ಎರ್ಮಿನಿಯಾ,
ಬಿರಡೆ ಹೆಚ್ಚು ತಿರುಗಿಸಿದ ತಂತಿಯ ಹಾಗೆ."

ಅಂದಿನಿಂದ ಹೇಳಬೇಕಾದ ಸುಳ್ಳನ್ನೆಲ್ಲ
ಪಾತ್ರೆ ತೊಳೆಯುವ ಹೊತ್ತಿಗೆ ಎತ್ತಿಟ್ಟೆ.
ನಲ್ಲಿ ಪೂರ್ತಿ ತಿರುಗಿಸಿ, ಬೆನ್ನು ಹಾಕಿ,
ಬಾಣಲೆ ಉಜ್ಜುತ್ತ ಹೇಳುತ್ತಿದ್ದೆ:
ಇನೆಸಳಿಗೆ ಮೊಣಕಾಲು ನೋವಂತೆ, ನೋಡಿಕೊಂಡು ಬರುತ್ತೇನೆ.
ನಮ್ಮ ಪಾತ್ರೆಗಳು ಆ ಇಪ್ಪತ್ತಮೂರು ದಿನ ಹೊಳೆದಷ್ಟು
ಮುಂದೆಂದೂ ಹೊಳೆಯಲಿಲ್ಲ.
ಇನೆಸಳ ಮೊಣಕಾಲೋ, ಗುಂಡುಕಲ್ಲು.

ಕೇಕು ಅವಳ ಒಲೆಯಲ್ಲೇ ಬೆಂದಿತು,
ಗಾಳಿ ಆ ಕಡೆಗೆ ಬೀಸುವ ಹೊತ್ತು ನೋಡಿ.
ನಮ್ಮೂರ ಗಾಳಿಗೆ ನಿಯತ್ತಿಲ್ಲ,
ಅರ್ಧದಲ್ಲಿ ಮಗ್ಗುಲು ಬದಲಿಸಿತು.
"ಯಾರೋ ಸಕ್ಕರೆ ಕಂದಿಸುತ್ತಿದ್ದಾರೆ," ಅಂದ ಅವನು.
ನಾನು ನಲ್ಲಿ ತಿರುಗಿಸಿದೆ.

ಬಂದವರು ಹತ್ತೊಂಬತ್ತು ಮಂದಿ.
ಔಷಧದಂಗಡಿಯ ವಿಧವೆ ದೋನ್ಯಾ ಬ್ರಿಹಿದಾ,
ಬ್ಯಾಂಡಿನ ಮುದಿ ಸಾರ್ಜೆಂಟ್ ಯುತ್ರೋನಿಚ್,
ಕಾನ್ವೆಂಟಿನ ಇಬ್ಬರು ಸಿಸ್ಟರುಗಳು
(ಅವರ ಪಿಯಾನೋದೊಳಗೆ ಒಮ್ಮೆ
ಐದು ಇಲಿಮರಿ ಸಿಕ್ಕಿತ್ತಂತೆ. ಅದನ್ನವನು
ನನಗೊಬ್ಬಳಿಗೇ ಹೇಳಿದ್ದು).
ಎಲ್ಲರಿಗೂ ತಾಕೀತು ಮಾಡಿದ್ದೆ: ಅತ್ತರು ಬೇಡ,
ಬೂಟು ಇನೆಸಳ ಮನೆಯಲ್ಲೇ ಬಿಡಿ,
ಕೈಗಡಿಯಾರ ಕೂಡ ಕಟ್ಟಬೇಡಿ.
ಕಾಲುಚೀಲದಲ್ಲಿ, ಕಳ್ಳರ ಹಾಗೆ, ಹಿತ್ತಿಲಿನಿಂದ ಬಂದರು
ಆಲಿಕಲ್ಲಿಗೆ ನೆಂದ ಉಣ್ಣೆಕೋಟುಗಳಲ್ಲಿ.
ಕೋಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ.
ಹತ್ತೊಂಬತ್ತು ಹಸಿ ಉಣ್ಣೆ:
ನಡುಮನೆಯಲ್ಲೊಂದು ಕುರಿಮಂದೆ.

ಜೂನ್ ತಿಂಗಳು, ಆರು ಗಂಟೆಗೇ ಕಗ್ಗತ್ತಲು.
ಬೀದಿಯಲ್ಲಿ ಅವನ ಕೋಲು ಕೇಳಿದ್ದೇ ತಡ
ಯಾರೋ ದೀಪ ಆರಿಸಿದರು. ಅಭ್ಯಾಸಬಲ.
ನಗು ಬಂತು, ನುಂಗಿದೆವು.
ಒಬ್ಬರ ಕಾಲು ಒಬ್ಬರು ತುಳಿದು ನಿಂತೆವು.

ಮೊದಲು ಏನೂ ಇಲ್ಲ.
ಆಮೇಲೆ ಫ್ರಿಜ್ಜಿನ ಗೊರಕೆ.
ಸಾರ್ಜೆಂಟನ ಮೂಗಿನ ಸಿಳ್ಳೆ.
ಕೇಕಿನ ಮೇಲೆ ಕೆನೆ ಕುಸಿಯುವುದಕ್ಕೂ ಒಂದು ಸದ್ದಿದೆ.
ಇಷ್ಟೆಲ್ಲದರ ನಡುವೆ ಇದ್ದೆನೇ
ಮೂವತ್ತು ವರ್ಷ?

ಕೀಲಿ ತಿರುಗಿತು. ಬಾಗಿಲು ಒಂದು ಬೆರಳಷ್ಟು ತೆರೆದು
ನಿಂತಿತು.
ಮತ್ತೆ ಮೆಲ್ಲಗೆ ಮುಚ್ಚಿಕೊಂಡಿತು.

ಉಳಿದವರಿಗೆ ಅದು ಗಾಳಿ.
ಬಾಗಿಲಿಗೆ ಒರಗಿದ್ದ ನಾನು ಕೇಳಿದೆ:
ಟೊಪ್ಪಿಗೆ ತೆಗೆದದ್ದು,
ಜೇಬಿನಿಂದ ಬಾಚಣಿಗೆ,
ಒದ್ದೆ ಕೂದಲಲ್ಲಿ ಅದು ಎಡದಿಂದ ಬಲಕ್ಕೆ,
ಮೂರು ಸಲ.

ಆಮೇಲೆ ಒಳಗೆ ಬಂದ.
ನಾವು ಕಿರುಚಿದೆವು, ಅವನು ಕೋಲು ಬೀಳಿಸಿದ,
"ಅಯ್ಯೋ ದೇವರೇ!" ಅಂದ,
ಕಾಲು ಸ್ವರ ಮೇಲೆ.

ಸಿಸ್ಟರುಗಳು ಕೂಡ ಕುಣಿದರು.
ದೋನ್ಯಾ ಬ್ರಿಹಿದಾ ಹೇಳಿದ್ದೇ ಹೇಳಿದ್ದು:
ಮುಖ ನೋಡಿದಿರಾ, ಆ ಮುಖ ನೋಡಿದಿರಾ!
ನೋಡಿದೆವು ಅಂದೆ ನಾನೂ.

ಎಲ್ಲರೂ ಹೋದ ಮೇಲೆ
ಹತ್ತೊಂಬತ್ತು ತಟ್ಟೆ ಒಟ್ಟಿಕೊಂಡು ನಿಂತಿದ್ದೆ.
ಹಿಂದಿನಿಂದ ಬಂದ. ನನ್ನ ಭುಜದ ಮೇಲಿಂದ
ಕೈಚಾಚಿ, ಒಮ್ಮೆಯೂ ತಡಕಾಡದೆ,
ನಲ್ಲಿಯನ್ನು ಪೂರ್ತಿ ತಿರುಗಿಸಿದ.
ಆಮೇಲೆ ಹೇಳಿದ:
"ಒಂದಿಷ್ಟೂ ಸುಳಿವು ಸಿಗಲಿಲ್ಲ ನೋಡು."